ಶಟರ್ ಎಳೆದ ರವಿವಾರ

ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅವು ಓಡುವಾಗ ಮನೆಯವರ ಮಾತು ಮನೆಯವರಿಗೇ ಕೇಳುವುದಿಲ್ಲ. ಇಳಕಲ್ಲಿನ ನೇಕಾರ ಓಣಿಯ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಗೆ ಸೊಸೆಯಾಗಿ ಹೋದವಳು ನಾನು, ಈ ಸದ್ದು ನನಗೆ ಹೊಸದಲ್ಲ. ಆದರೂ ಒಂದು ವಯಸ್ಸು ದಾಟಿದ ಮೇಲೆ ತಲೆ ಸಿಡಿಯತೊಡಗಿತು. ಇದನ್ನೇ ಮೊದಲು ಯಾಕೆ ಹೇಳುತ್ತಿದ್ದೇನೆಂದರೆ, ಆ ಪ್ರಾರ್ಥನಾ ಮಂದಿರಕ್ಕೆ ನೀನು ಯಾಕೆ ಹೋಗುತ್ತಿದ್ದೆ ಎಂದು ಕೇಳಿದವರೆಲ್ಲ ತಮ್ಮ ಉತ್ತರವನ್ನು ಮೊದಲೇ ಸಿದ್ಧ ಮಾಡಿಕೊಂಡು ಕೇಳಿದರು. ನನ್ನ ಉತ್ತರ ಯಾರಿಗೂ ಬೇಕಿರಲಿಲ್ಲ. ಅದು ಇಷ್ಟೆ: ನನಗೆ ಅಲ್ಲಿ ದೇವರಿಗಿಂತ ಮೊದಲು ಸಿಕ್ಕಿದ್ದು ಸದ್ದಿಲ್ಲದ ಒಂದು ತಾಸು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನರ್ಸಬಾಯಾರು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು, ನಾನು ಮಾತ್ರ ಅಕ್ಕಾರು ಎನ್ನುತ್ತಿದ್ದೆ. ನನ್ನ ಎರಡನೆಯ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ದವಾಖಾನೆಯ ಹೊರಗೆ ತವರಿನವರೂ ಗಂಡನ ಮನೆಯವರೂ ಯಾರ ದೃಷ್ಟಿ ತಾಗಿತೆಂದು ವಾದ ಮಾಡುತ್ತಿದ್ದರೆ, ಒಳಗೆ ಅಕ್ಕಾರು ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಆ ಮೌನಕ್ಕೆ ನಾನು ಇವತ್ತಿಗೂ ಋಣಿ, ಸಿಟ್ಟಿನಲ್ಲೂ ಅದನ್ನು ಇಲ್ಲವೆನ್ನಲಾರೆ.

ಅದಾದ ಮೇಲೆ ಅವರು ಮನೆಯವರೇ ಆಗಿಹೋದರು. ನಾನು ಪಡಸಾಲೆಯಲ್ಲಿ ಸೀರೆ ವ್ಯಾಪಾರ ಮಾಡುತ್ತೇನೆ. ಅವರು ಸೀರೆ ನೋಡಲು ಬಂದರೆ ಚಹಾ ಕುಡಿದು, ಚಹಾಕ್ಕೆಂದು ಬಂದರೆ ಉಂಡು ಹೋಗುತ್ತಿದ್ದರು. ಒಂದು ರವಿವಾರ ತಿಳಿ ಬಣ್ಣದ ಸೀರೆ ಉಟ್ಟು ನಮ್ಮ ಓಣಿಯಲ್ಲಿ ಹಾದು ಹೋಗುವಾಗ ನಾನೇ ಕೇಳಿದೆ, ನಾನೂ ಬರಲೇ ಎಂದು.

"ಬಾ, ಕೂಡು. ಅಲ್ಲಿ ನಿನ್ನ ಯಾರೂ ಏನೂ ಕೇಳಂಗಿಲ್ಲ," ಎಂದರು.

ಖರೆ, ಯಾರೂ ಏನೂ ಕೇಳಲಿಲ್ಲ. ಊರಂಚಿನಲ್ಲಿ, ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದೆ, ಒಂದು ಕಾಲಕ್ಕೆ ನೂಲಿನ ಗೋದಾಮಾಗಿದ್ದ ಹಾಲ್ ಅದು. ರವಿವಾರ ಆ ಶೆಡ್ಡುಗಳಿಗೂ ರಜೆ. ಮುಂದೆ ಅಗಲವಾದ ಒಂದು ಶಟರ್, ಪಕ್ಕಕ್ಕೆ ಸರಳು ಬಡಿದ ಕಿಟಕಿಗಳು, ಹಿಂದೆ ಬಾಗಿಲೇ ಇಲ್ಲ. ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂಡುತ್ತಿದ್ದರು. ನಾನು ಶಟರಿನ ಹತ್ತಿರ, ಚಪ್ಪಲಿಗಳ ಪಕ್ಕದ ಚಾಪೆಯ ಅಂಚಿನಲ್ಲಿ ಕೂಡುತ್ತಿದ್ದೆ. ಹಾಡು ಬಂದರೆ ಹಾಡುತ್ತಿದ್ದೆ, ಬಾರದಿದ್ದರೆ ತಾಳ ಹಾಕುತ್ತಿದ್ದೆ.

ದೀಕ್ಷಾಸ್ನಾನ ನಾನು ಮಾಡಿಸಿಕೊಳ್ಳಲಿಲ್ಲ, ನನಗೆ ಬೇಕೆನಿಸಲಿಲ್ಲ. ಮನೆಯಲ್ಲಿ ದೇವರ ಜಗಲಿ ಇತ್ತು, ವರ್ಷಕ್ಕೊಮ್ಮೆ ಬದಾಮಿಯ ಬನಶಂಕರಿಗೆ ಹೋಗಿ ಉಡಿ ತುಂಬಿಸಿಕೊಂಡು ಬರುವುದೂ ಇತ್ತು. ಹೊಸದಾಗಿ ಬಂದ ಪಾಸ್ಟರು ಒಮ್ಮೆ ಮೆಲ್ಲಗೆ ಆ ಮಾತು ತೆಗೆದಾಗ ಅಕ್ಕಾರೇ ತಡೆದರು. "ಆಕಿನ್ನ ಆಕಿ ಪಾಡಿಗೆ ಬಿಡ್ರಿ ಪಾಸ್ಟರ, ಆಕಿ ಕೂಡಾಕ ಬರ್ತಾಳ," ಎಂದರು. ಹೀಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ರವಿವಾರ ಎಲ್ಲರೂ ಎದ್ದು ಮುಂದೆ ಹೋದಾಗ, ಹಿಂದೆ ಖಾಲಿ ಚಾಪೆಗಳ ನಡುವೆ ನಾನೊಬ್ಬಳೇ ಉಳಿಯುತ್ತಿದ್ದೆ. ಅದರಿಂದ ನನಗೆಂದೂ ಕೀಳೆನಿಸಲಿಲ್ಲ. ನನ್ನ ಗಂಡ ಮಾತ್ರ ಚೇಷ್ಟೆ ಮಾಡುತ್ತಿದ್ದ.

"ಅಷ್ಟು ದೂರ ಹೋಗಿ ಪ್ರಸಾದನೂ ತಿನ್ನದ ಬರ್ತಿಯಲ್ಲ, ಎಂಥಾಕಿ ನೀ?"

ಹೀಗೆ ಬಹಳ ವರ್ಷ ನಡೆಯಿತು. ನನ್ನ ಮಗಳ ಲಗ್ನಕ್ಕೆ ಆ ಸಭೆಯವರೆಲ್ಲ ಬಂದು ಉಂಡು ಹೋದರು. ಅವರ ಮನೆಯ ಸಾವುಗಳಿಗೆ ನಾನು ಹೋಗಿ ಕೂತೆ.

ಆಮೇಲೆ ಕಾಲ ಕೆಟ್ಟಿತು. ಬೇರೆ ಬೇರೆ ಊರುಗಳಲ್ಲಿ ಪ್ರಾರ್ಥನೆ ನಡೆಯುವಲ್ಲಿಗೆ ಜನ ನುಗ್ಗಿದರು ಎಂಬ ಸುದ್ದಿ ಮೊಬೈಲಿನಲ್ಲಿ ಬರತೊಡಗಿತು. ಮತಾಂತರದ ಮಾತು ಚಹಾದ ಅಂಗಡಿಯಲ್ಲೂ ಬಸ್ಸಿನಲ್ಲೂ ಕೇಳಿಬರುತ್ತಿತ್ತು. ಒಂದು ರವಿವಾರ ಆರಾಧನೆ ಮುಗಿದ ಮೇಲೆ ಪಾಸ್ಟರು ಎಲ್ಲರನ್ನೂ ಕೂಡಿಸಿಕೊಂಡು, ನಮ್ಮ ಕಾವಲು ನಾವೇ ಹೇಗೆ ಮಾಡಿಕೊಳ್ಳಬೇಕು ಹೇಳಿರಿ ಎಂದರು. ನಾನು ಎದ್ದು ಹೊರಟಿದ್ದೆ. ಅಕ್ಕಾರು ಸೆರಗು ಹಿಡಿದು ಕೂಡಿಸಿದರು.

ಸಭೆಯಲ್ಲಿ ಟೆಂಪೊ ಓಡಿಸುವ ಒಬ್ಬನಿದ್ದ, ಗಟ್ಟಿ ಆಳು, ನಾನು ಅವನಿಗೆ ತಮ್ಮಾ ಎನ್ನುತ್ತಿದ್ದೆ. ಅವನು, "ಮೂಲಿಯೊಳಗ ನಾಕ್ ಬಡಿಗಿ ಇಟ್ಟಿರೋಣ್ರಿ. ಹೊಡ್ಯಾಕಲ್ಲ, ಇರ್ಲಿ ಅಂತ," ಎಂದ. ಪಾಸ್ಟರು, ಬಡಿಗೆ ಇದ್ದಲ್ಲಿ ಕೈ ಸುಮ್ಮನಿರುವುದಿಲ್ಲ, ನಾಳೆ ಫೋಟೊದಲ್ಲಿ ಕಾಣುವುದು ನಮ್ಮ ಬಡಿಗೆಯೇ ಎಂದರು. ಮಾತು ಖರೆ ಇತ್ತು. ಒಬ್ಬರು ಕ್ಯಾಮರಾ ಹಾಕಿಸೋಣ ಎಂದರು, ಅದಕ್ಕೆ ಎಲ್ಲರೂ ಹೂಂ ಎಂದರು. ಹಿಂದಿನ ಗೋಡೆ ಒಡೆದು ಒಂದು ಬಾಗಿಲು ಇಡಿಸಿ ಎಂದು ನಾನು ಹೇಳಿದೆ. ಹಾಲಿನ ಮಾಲಕ ಒಪ್ಪುವುದಿಲ್ಲವೆಂದು ಅದು ಅಲ್ಲಿಗೇ ನಿಂತಿತು. ಕಡೆಗೆ ಉಳಿದ ತೊಡಕು ಒಂದೇ. ಆ ಸಭೆಯಲ್ಲಿ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಒಮ್ಮೆ ಮುಚ್ಚಿದರೆ ಪಾಸ್ಟರು ಆಮೆನ್ ಅನ್ನುವ ತನಕ ತೆರೆಯುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲ ಕಡೆ ನೋಡುವವರು ಯಾರು? ಪಾಳಿ ಹಚ್ಚೋಣವೆಂದರೆ ಯಾರಿಗೂ ಮನಸ್ಸಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ತೆರೆದು ಕೂಡುವುದೆಂದರೆ ಅವರಿಗೆ ಪಂಕ್ತಿಯಲ್ಲಿ ಕೂತು ಉಪವಾಸ ಮಾಡಿದಂತೆ.

ಆಗ ಅಕ್ಕಾರು ನನ್ನ ಭುಜದ ಮೇಲೆ ಕೈಯಿಟ್ಟರು.

"ಈಕಿ ಕೂಡ್ಲಿ. ಹೆಂಗೂ ಬಾಗಲ್ದಾಗಽ ಕೂಡ್ತಾಳ. ಹಣಿ ಮ್ಯಾಲೆ ಕುಂಕುಮ ಐತಿ, ಕೈಯಾಗ ಹಸರ ಬಳಿ ಅದಾವ, ಓಣ್ಯಾಗ ಎಲ್ಲಾರಿಗೂ ಗುರ್ತು. ಯಾರರ ಸಿಟ್ಟಿಲೆ ಬಂದ್ರೂ ಈಕಿನ್ನ ನೋಡಿ ತಣ್ಣಗಾಗ್ತಾರ."

ಎಲ್ಲರೂ ತಲೆಯಾಡಿಸಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲು ಈಗ ಮೈ ಉರಿಯುತ್ತದೆ. ಇಷ್ಟು ವರ್ಷ ಕೂತೆದ್ದು ಹೋಗುವವಳಾಗಿದ್ದೆ, ಈಗ ನನಗೂ ಅಲ್ಲಿ ಒಂದು ಕೆಲಸ ಸಿಕ್ಕಿತು ಎಂದುಕೊಂಡೆ. ಗುರುತಿಲ್ಲದವರು ಗುಂಪಾಗಿ ಬರುವುದು ಕಂಡರೆ ನಾನು ಒಳಗೆ ಬಂದು ಶಟರ್ ಇಳಿಸಬೇಕು, ಒಳಗಿನವರು ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡಬೇಕು ಎಂದು ತೀರ್ಮಾನವಾಯಿತು. ಆ ಶಟರಿನ ಹಣೆಬರಹ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಳಗಿನಿಂದ ಎಳೆದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಹೊರಗಿನಿಂದ ಕಾಲು ಕೊಟ್ಟು ಒತ್ತಿದರೆ ಮಾತ್ರ ನೆಲಕ್ಕೆ ಮುಟ್ಟುತ್ತಿತ್ತು. ಪ್ರತಿ ರವಿವಾರ ಟೆಂಪೊದ ತಮ್ಮ ಹಾಗೆ ಒತ್ತಿಯೇ ಬೀಗ ಹಾಕುತ್ತಿದ್ದ. ಆದರೆ ಅವತ್ತು ಯಾರೂ ಆ ಮಾತು ಎತ್ತಲಿಲ್ಲ. ನನಗೂ ಹೊಳೆಯಲಿಲ್ಲ.

ಕೆಲವು ತಿಂಗಳು ಏನೂ ಆಗಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ಅವರ ಮುಖಗಳನ್ನು ನೋಡುತ್ತಾ ಕೂಡುತ್ತಿದ್ದೆ. ಕಣ್ಣು ಮುಚ್ಚಿದ ಮನುಷ್ಯರು ಎಷ್ಟು ಪಾಪದವರಂತೆ ಕಾಣುತ್ತಾರೆಂದರೆ, ಅವರಿಗೆ ಏನೂ ಆಗಬಾರದು ಅನಿಸುತ್ತಿತ್ತು. ಅಕ್ಕಾರ ತುಟಿ ಅಲುಗುವುದು ದೂರದಿಂದ ಕಾಣುತ್ತಿತ್ತು. ನನ್ನ ಹೆಸರೂ ಅದರಲ್ಲಿ ಬರುತ್ತದೆಂದು ಅವರೇ ಒಮ್ಮೆ ಹೇಳಿದ್ದರು.

ಬಿಸಿಲು ಏರತೊಡಗಿದ ಒಂದು ರವಿವಾರ, ಪ್ರಾರ್ಥನೆಯ ನಡುವೆ ಬೈಕುಗಳ ಸದ್ದು ಕೇಳಿತು. ನಾನು ಎದ್ದು ಹೊರಗೆ ಬಂದು ನೋಡಿದೆ. ಶೆಡ್ಡುಗಳ ಸಂದಿಯಿಂದ ಒಂದರ ಹಿಂದೆ ಒಂದು ಬೈಕುಗಳು ತಿರುಗುತ್ತಿದ್ದವು, ಕೊರಳಲ್ಲಿ ಶಾಲು, ಒಬ್ಬ ಆಗಲೇ ಮೊಬೈಲು ಎತ್ತಿ ಹಿಡಿದಿದ್ದ. ಒಳಗೆ ಹೋಗಿ ಶಟರ್ ಎಳೆಯಬೇಕೆಂದು ಕೈ ಹಾಕಿದೆ. ಅದು ಅರ್ಧಕ್ಕೆ ನಿಲ್ಲುತ್ತದೆಂದು ನೆನಪಾದದ್ದು ಆವಾಗ. ಯೋಚನೆಗೆ ಹೊತ್ತೆಲ್ಲಿತ್ತು, ಹೊರಗೇ ನಿಂತು ಕೆಳಗೆಳೆದೆ, ಕಾಲು ಕೊಟ್ಟು ಒತ್ತಿದೆ. ಒಳಗೆ ಚಿಲಕ ಬಿದ್ದ ಸದ್ದಾಯಿತು. ಶಟರಿಗೆ ಬೆನ್ನು ಹಚ್ಚಿ ನಿಂತೆ.

ಬಂದವರಲ್ಲಿ ಅರ್ಧ ಜನ ಗುರುತಿನ ಹುಡುಗರೇ. ಒಬ್ಬನ ಹೆಂಡತಿಯ ಧಾರೆ ಸೀರೆ ನಮ್ಮ ಮನೆಯದು. ಅವನೇ ಮುಂದೆ ಬಂದ.

"ಕಾಕು, ನೀವ್ ಇಲ್ಲೇನ್ ಮಾಡಾಕತ್ತೀರಿ?"

"ಪ್ರಾರ್ಥನಾಕ ಬಂದೇನಿ. ನೀವ್ಯಾಕ್ ಬಂದೀರಿ?"

ಅವನು ಹಿಂದೆ ತಿರುಗಿ ಮೊಬೈಲಿನವನಿಗೆ ಹೇಳಿದ. "ತಗೀ, ಸರಿಯಾಗಿ ತಗೀ. ಕುಂಕುಮ ಕಾಣಂಗ ತಗೀ."

ಅಲ್ಲಿಯೇ ನನಗೆ ಅರ್ಥವಾದದ್ದು. ಇವರನ್ನು ತಣ್ಣಗೆ ಮಾಡಲೆಂದು ನನ್ನನ್ನು ಬಾಗಿಲಲ್ಲಿ ಕೂಡಿಸಿದ್ದರು, ಅವರಿಗೆ ಬೇಕಾಗಿದ್ದದ್ದೇ ನನ್ನಂಥವಳೊಬ್ಬಳು. ಒಳಗಿದ್ದವರೆಲ್ಲ ಹುಟ್ಟಾ ಕ್ರೈಸ್ತರು, ಅವರ ಮೇಲೆ ದೂರು ಕೊಡಲು ಏನೂ ಇರಲಿಲ್ಲ. ನೇಕಾರರ ಮನೆಯ ಮುತ್ತೈದೆಯನ್ನು ಮತಾಂತರ ಮಾಡುತ್ತಿದ್ದಾರೆ ಎನ್ನಲು ಬೇಕಾದ ಹಣೆ, ಬಳೆ, ಸೀರೆ ಎಲ್ಲವೂ ನನ್ನ ಮೈಮೇಲೇ ಇದ್ದವು. ಹುಡುಗರು ನನ್ನನ್ನು ಮುಟ್ಟಲಿಲ್ಲ, ಸರಿಯಿರಿ ಎಂದು ಕೂಗಾಡಿದರು. ನಾನು ಸರಿಯಲಿಲ್ಲ. ಬೆನ್ನಿಗೆ ಶಟರ್ ಕಾದ ಹಂಚಿನಂತೆ ಸುಡುತ್ತಿತ್ತು. ಒಳಗೆ ಮೊದಮೊದಲು ಹಾಡು ಕೇಳಿತು, ಆಮೇಲೆ ಗುಸುಗುಸು ಮಾತು, ಆಮೇಲೆ ಏನೂ ಇಲ್ಲ. ಹೆದರಿ ಸುಮ್ಮನಾದರೆಂದುಕೊಂಡು, "ಅಂಜಬ್ಯಾಡ್ರಿ ಅಕ್ಕಾರ, ನಾ ಅದೀನಿ," ಎಂದು ಗಟ್ಟಿಯಾಗಿ ಹೇಳಿದೆ. ಒಳಗಿನಿಂದ ಉತ್ತರ ಬರಲಿಲ್ಲ.

ಪೊಲೀಸರ ಜೀಪು ಬಂತು. ಹುಡುಗರ ಗಲಾಟೆ ನಿಂತಿತು, ಶಟರ್ ಮೇಲೆದ್ದಿತು. ಸಾಹೇಬರು ಸಮಾಧಾನದ ಮನುಷ್ಯ. ಎರಡೂ ಕಡೆಯವರು ಠಾಣೆಗೆ ಬನ್ನಿ, ಕೂತು ಮಾತಾಡೋಣ ಎಂದರು. ಅಲ್ಲಿ ನನ್ನನ್ನೇ ಮೊದಲು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನನ್ನು ಯಾರೂ ಮತಾಂತರ ಮಾಡಿಲ್ಲ, ಯಾರೂ ಒತ್ತಾಯ ಮಾಡಿಯೂ ಇಲ್ಲ, ವರ್ಷಗಟ್ಟಲೆ ನನ್ನ ಖುಷಿಯಿಂದ ಬಂದು ಕೂಡುತ್ತೇನೆ, ನನ್ನ ಗಂಡನಿಗೂ ಗೊತ್ತು ಎಂದೆ. ಇಷ್ಟಕ್ಕೆ ಮುಗಿಯಿತೆಂದೇ ನನ್ನ ಎಣಿಕೆ. ಹೆಂಗಸು ತನ್ನ ಬಾಯಿಂದ ತಾನೇ ಹೇಳಿದ ಮೇಲೆ ಇನ್ನೇನು ಬೇಕು?

ಸಾಹೇಬರು ಪಾಸ್ಟರ ಕಡೆ ತಿರುಗಿದರು. "ಈ ಅಮ್ಮಾರು ನಿಮ್ಮ ಸಭಾಕ್ಕ ಬರಾವ್ರೇನು?"

ಪಾಸ್ಟರು ಅಕ್ಕಾರ ಮುಖ ನೋಡಿದರು. ಅಕ್ಕಾರು ನನ್ನ ಮುಖ ನೋಡದೆ ತಾವೇ ಉತ್ತರ ಕೊಟ್ಟರು.

"ಇಲ್ರಿ ಸಾಹೇಬ್ರ. ಈಕಿ ನಮ್ಮಾಕಿ ಅಲ್ಲ. ಸೀರಿ ಮಾರ್ತಾಳ, ಗುರ್ತೈತಿ ಅಷ್ಟ. ಇವತ್ತೂ ಸೀರಿ ತೋರ್ಸಾಕ ಬಂದಿರ್ಬೇಕು. ಒಳಗ ಕರದಿಲ್ರಿ ನಾವು."

ಮೊದಲು ನನಗೆ ಸಿಟ್ಟೇ ಬರಲಿಲ್ಲ, ನಾಚಿಕೆಯಾಯಿತು. ಸುಳ್ಳು ಹೇಳಿದವರು ಅವರು, ತಲೆ ತಗ್ಗಿಸಿದವಳು ನಾನು. ಪಾಸ್ಟರೂ ಅದನ್ನೇ ಹೇಳಿದರು. ಹಿಂದೆ ನಿಂತಿದ್ದ ಟೆಂಪೊದ ತಮ್ಮನೂ ಅದನ್ನೇ ಹೇಳಿದ. ಮೂರು ಬಾಯಿಗಳು ಒಂದೇ ಮಾತನ್ನು, ಒಂದೇ ಕ್ರಮದಲ್ಲಿ ಹೇಳಿದವು. ಗಾಬರಿಯಲ್ಲಿ ಬಾಯಿಗೆ ಬಂದ ಸುಳ್ಳು ಹಾಗಿರುವುದಿಲ್ಲ.

ಸಾಹೇಬರು ಮತ್ತೆ ನನ್ನ ಕಡೆ ನೋಡಿದರು. "ನೀವ್ ಒಂದ್ ಹೇಳ್ತೀರಿ, ಅವ್ರ್ ಒಂದ್ ಹೇಳ್ತಾರ. ಯಾವ್ದು ಖರೆ?"

ನಾನು ನನ್ನ ಮಾತಿಗೇ ನಿಂತರೆ ಅವರು ಸುಳ್ಳುಗಾರರಾಗುತ್ತಿದ್ದರು. ಮುಚ್ಚಿಟ್ಟರು ಎಂದರೆ ಏನೋ ಇತ್ತು ಎಂದೇ ಲೆಕ್ಕ, ಕೇಸು ಆಗುತ್ತಿತ್ತು, ಆ ಹಾಲ್ ಮತ್ತೆ ತೆರೆಯುತ್ತಿರಲಿಲ್ಲ. ಹುಡುಗರು ಕಾಯುತ್ತಿದ್ದದ್ದೂ ಅದಕ್ಕೇ.

"ಅವ್ರು ಹೇಳಿದ್ದಽ ಖರೆರಿ. ಸೀರಿ ತೋರ್ಸಾಕ ಬಂದಿದ್ನಿ. ಹುಡುಗ್ರು ಗದ್ದಲಾ ಮಾಡಿದ್ರಲ್ಲ, ತಲಿ ಕೆಟ್ಟು ಏನೋ ಅಂದೆ."

ಕೈಯಲ್ಲಿ ಒಂದು ಸೀರೆಯೂ ಇರಲಿಲ್ಲ. ಸಾಹೇಬರಿಗೆ ಅದು ಕಾಣದೇ ಇರಲಿಲ್ಲ. ಆದರೂ ಎಲ್ಲರನ್ನೂ ಮನೆಗೆ ಕಳಿಸಿದರು. ಹೊರಗೆ ಬಂದ ಮೇಲೆ ಸಭೆಯವರು ಟೆಂಪೊ ಹತ್ತಿದರು. ಬಾ ಎಂದು ಯಾರೂ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ, ನಾನು ಅವರವಳಲ್ಲವಲ್ಲ. ಬಿಸಿಲಲ್ಲಿ ನಡೆದುಕೊಂಡು ಮನೆಗೆ ಬಂದೆ.

ಓಣಿ ನನಗಿಂತ ಮುಂಚೆ ಸುದ್ದಿ ತಿಳಿದುಕೊಂಡಿತ್ತು. ಆ ವಿಡಿಯೊ ಎಲ್ಲರ ಕೈಗೂ ಹೋಗಿತ್ತು. ದಿನಾ ಬಂದು ಸೀರೆ ಬಿಚ್ಚಿಸಿ ನೋಡುವವರು ಕೆಲವು ವಾರ ಪಡಸಾಲೆ ಹತ್ತಲಿಲ್ಲ. ಅದು ನನಗೆ ದೊಡ್ಡದೆನಿಸಲಿಲ್ಲ, ಓಣಿ ಎಷ್ಟು ದಿನ ಮುನಿಸಿಕೊಂಡೀತು? ಗಂಡ ಒಂದೇ ಮಾತು ಅಂದ. "ನಿನ್ನ ಮುಂದ ಮಾಡಿ ತಾವು ಹಿಂದ ಕುಂತ್ರು." ಅವನ ಮೇಲೆ ಹರಿಹಾಯ್ದೆ. ಅಕ್ಕಾರು ಬರುತ್ತಾರೆ, ಪಡಸಾಲೆಯಲ್ಲಿ ಕೂತು ಒಂದು ಮಾತು ಹೇಳುತ್ತಾರೆ, ಗಾಬರಿಯಲ್ಲಿ ಅಂದುಬಿಟ್ಟೆ ಎನ್ನುತ್ತಾರೆ ಎಂದು ನಂಬಿಕೊಂಡು ಕೂತಿದ್ದೆ. ಅವರು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಹಾಲ್ ಮತ್ತೆ ತೆರೆಯಿತೆಂದು ತಿಳಿದ ರವಿವಾರ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡೇ ಹೋದೆ. ಶಟರಿನ ಹತ್ತಿರ ನನ್ನ ಜಾಗದಲ್ಲಿ ಕುರ್ಚಿ ಹಾಕಿದ್ದರು. ಟೆಂಪೊದ ತಮ್ಮ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ.

"ಬ್ಯಾಡ್ರಿ ಅಕ್ಕಾ. ಇನ್ನ ಮುಂದ ಸಭಾದವ್ರು ಅಷ್ಟಽ ಅಂತ ಹಿರಿಯಾರು ಠಾಣೆದಾಗ ಮಾತು ಕೊಟ್ಟ ಬಂದಾರ."

"ಯಾವ ಹಿರಿಯಾರು?"

ಅವನು ಮೇಲೆ ಹೊಸದಾಗಿ ಹಾಕಿದ ಕ್ಯಾಮರಾ ಕಡೆ ಒಮ್ಮೆ ನೋಡಿ, ನೆಲ ನೋಡಿದ. "ನಮ್ಮ ನರ್ಸಬಾಯಾರು," ಎಂದ. ಒಳಗೆ ನನಗೆ ಬಾಯಿಪಾಠವಾಗಿದ್ದ ಹಾಡನ್ನೇ ಹಾಡುತ್ತಿದ್ದರು. ಚಪ್ಪಲಿ ಬಿಡಲು ಬಗ್ಗಿದ್ದವಳು ಹಾಗೇ ತಿರುಗಿದೆ. ಅಷ್ಟು ಅವಮಾನ ನನಗೆ ಆ ಹುಡುಗರ ಕೈಯಲ್ಲೂ ಆಗಿರಲಿಲ್ಲ. ಅವರು ಎದುರಿಗೆ ಬಂದು ಕೂಗಿದವರು, ಅವರಿಗೆ ಎದುರುತ್ತರ ಕೊಡಬಹುದಿತ್ತು. ನನ್ನ ಕೈಯಲ್ಲಿ ಉಂಡವರು ನೆಲ ನೋಡಿಕೊಂಡು ಬ್ಯಾಡ್ರಿ ಎಂದರೆ ಏನು ಹೇಳುವುದು?

ಮಳೆಗಾಲದ ಹೊತ್ತಿಗೆ ಅಕ್ಕಾರು ಊರು ಬಿಟ್ಟು ಬಾಗಲಕೋಟೆಯ ನವನಗರದಲ್ಲಿ ಸ್ವಂತ ತಮ್ಮನ ಮನೆ ಸೇರಿದರೆಂದು ತಿಳಿಯಿತು. ನವನಗರದ ಒಬ್ಬ ಟೀಚರಿಗೆ ಸೀರೆ ತಲುಪಿಸುವುದಿತ್ತು. ಅದೇ ನೆವ ಮಾಡಿಕೊಂಡು ಹೊರಟೆ. ಹುನಗುಂದ ದಾಟಿ ಕಮತಗಿಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಎಂದು ಒಮ್ಮೆ ಅನಿಸಿತು. ಇಳಿಯಲಿಲ್ಲ. ಒಂದು ಪ್ರಶ್ನೆ ಉಳಿದಿತ್ತು, ಅದನ್ನು ಕೇಳದೆ ನನಗೆ ಅನ್ನ ಇಳಿಯುವ ಹಾಗಿರಲಿಲ್ಲ.

ಬಾಗಿಲು ತೆರೆದವರು ಅಕ್ಕಾರೇ, ಮನೆಯಲ್ಲಿ ಒಬ್ಬರೇ ಇದ್ದರು. ಬಾ ಎಂದರು, ಚಹಾ ಇಟ್ಟರು. ಇಬ್ಬರೂ ಸ್ವಲ್ಪ ಹೊತ್ತು ಊರಿನ ಮಳೆ, ನನ್ನ ಮಗಳ ಬಾಣಂತನ ಎಂದು ಬೇಡದ್ದೆಲ್ಲ ಮಾತಾಡಿದೆವು. ಆಮೇಲೆ ನಾನು ಕೇಳಿದೆ.

"ಆ ಮಾತು ಠಾಣೆದಾಗ ಬಾಯಿಗೆ ಬಂತೋ, ಮೊದಲಽ ಮಾತಾಡ್ಕೊಂಡಿದ್ರೋ?"

ಅವರು ಸುಳ್ಳು ಹೇಳುತ್ತಾರೆಂದು ಅರ್ಧ ಆಸೆ ಇಟ್ಟುಕೊಂಡಿದ್ದೆ. ಹೇಳಲಿಲ್ಲ.

"ಶಟರ್ ಬಿದ್ದ ಮ್ಯಾಲೆ ಒಳಗ ಮಾತಾತು. ನಾನಽ ಹೇಳಿದ್ನಿ, ಹಿಂಗಂದ್ರ ಉಳಿತೀವಿ ಅಂತ."

ನಾನು ಬೆನ್ನು ಸುಡಿಸಿಕೊಂಡು, ಅಂಜಬೇಡಿ ಎಂದು ಕೂಗುತ್ತಿದ್ದ ಹೊತ್ತಿನಲ್ಲಿ, ಆ ತಗಡಿನ ಆಚೆ ಒಂದು ಗೇಣು ದೂರದಲ್ಲಿ ಕೂತು ನನ್ನನ್ನು ತಮ್ಮ ಲೆಕ್ಕದಿಂದ ಕಳೆದುಹಾಕಿದ್ದರು. ಅಕ್ಕಾರು ಮಾತು ಮುಂದುವರಿಸಿದರು. ಅವರು ಹಳೆ ಬಾಗಲಕೋಟೆಯವರು. ಅಪ್ಪ ಪ್ರಾರ್ಥನೆ ಮಾಡಿಸುತ್ತಿದ್ದ ಸಣ್ಣ ಕೋಣೆ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಹೋಯಿತು. ಆ ಮಂದಿಯೆಲ್ಲ ದಿಕ್ಕಾಪಾಲಾದರು, ಮತ್ತೆ ಒಂದು ಕಡೆ ಕೂಡಲೇ ಇಲ್ಲ.

"ಒಂದು ಜಾಗಾ ನೀರಾಗ ಬಿಟ್ಟು ಬಂದಾಕಿ ನಾ. ಇದೂ ಹೋದ್ರ ಇವ್ರೆಲ್ಲಾ ಎಲ್ಲಿ ಕೂಡ್ಬೇಕು? ನಿನಗ ಮನಿ ಐತಿ, ಓಣಿ ಐತಿ, ಬನಶಂಕರಿ ಅದಾಳ. ನಮಗ ಅದೊಂದಽ ಇತ್ತು."

ಆ ಮಾತಿನಲ್ಲಿ ಖರೆ ಇತ್ತು, ಅದಕ್ಕೇ ನನಗೆ ಮತ್ತಷ್ಟು ಸಂಕಟವಾಯಿತು. ಅಂಜಿಕೆ ನನಗೆ ಅರ್ಥವಾಗದ ವಿಷಯವಲ್ಲ. ಆದರೆ ನನಗೆ ಬೇಕಾಗಿದ್ದ ಉತ್ತರ ಅದಲ್ಲ.

"ನನ್ನ ಕೇಳಿದ್ರ ನಾನಽ ಹಂಗ ಹೇಳ್ತಿದ್ದೆ ಅಕ್ಕಾರ. ನಿಮ್ಮಾಕಿ ಅಲ್ಲ ಅಂತ ನನ್ನ ಬಾಯಿಲೆ ಹೇಳಿ, ಎಲ್ಲಾರ್ನೂ ಬಿಡಿಸ್ಕೊಂಡು ಬರ್ತಿದ್ದೆ. ಒಂದು ಮಾತು ನನ್ನ ಕೇಳಲಿಲ್ಲಲ್ಲ ನೀವು."

ನಾನು ಇದನ್ನು ಮರೆಯಲು ಒಂದು ಕಾರಣವನ್ನಾದರೂ ಕೊಡುತ್ತಾರೇನೋ ಎಂದು ಕಾದೆ.

"ಹೆಂಗ ಕೇಳ್ಬೇಕಾಗಿತ್ತವಾ? ನೀ ಹೊರಗಿದ್ದಿ," ಎಂದರು.

ಸೆಡವಿನಿಂದ ಅಂದ ಮಾತಲ್ಲ. ಅವರಿಗೆ ಅದು ಅಷ್ಟು ಸರಳವಾಗಿ ಕಂಡಿತ್ತು. ಚಹಾದ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.